ಆಷಾಢದ ಕೋಟು

ಬಟ್ಟೆ ಕೈಗೆ ಸಿಕ್ಕಿದ ಕೂಡಲೇ ಮೇಡಂ ಅದನ್ನು ಒಳಮಗ್ಗುಲಿಗೆ ತಿರುವುತ್ತಿದ್ದರು. ಬಣ್ಣ, ಕಾಲರು, ಗುಂಡಿ ಎಲ್ಲ ಆಮೇಲೆ. ಮೊದಲು ಹೊಲಿಗೆ ನೋಡಬೇಕು, ಅಸ್ತರನ್ನು ಎರಡು ಬೆರಳಿನ ನಡುವೆ ಹಿಡಿದು ಉಜ್ಜಿ ನೋಡಬೇಕು, ಕಂಕುಳ ಹತ್ತಿರ ಬಟ್ಟೆ ಎಷ್ಟು ಬಿಟ್ಟಿದ್ದಾರೆ ನೋಡಬೇಕು. ಅಂಗಡಿಯ ಹುಡುಗರು ಹಿಂದೆ ನಿಂತು ಮುಸಿಮುಸಿ ನಗುತ್ತಿದ್ದರು. ಮೇಡಂಗೆ ಅದರ ಪರಿವೆಯೇ ಇರುತ್ತಿರಲಿಲ್ಲ. "ಹೊರಗಿಂದು ಅವ್ರು ತೋರಸ್ತಾರ. ಒಳಗಿಂದು ನಾವ್ ನೋಡ್ಕೋಬೇಕವಾ" ಎಂದು ನನಗೆ ಹೇಳುತ್ತಿದ್ದರು.

ಈ ವರ್ಷ ಯುಗಾದಿಗೆ ಮೊದಲು ಅವರು ಕಂಪ್ಲಿಯಲ್ಲಿ ತೀರಿಕೊಂಡರು. ಹೊಟ್ಟೆಯ ಕಾಯಿಲೆಯಂತೆ. ಸುದ್ದಿ ನನಗೆ ಗೊತ್ತಾಗಿದ್ದು ಮಣ್ಣು ಮಾಡಿದ ಮೇಲೆ, ಅದೂ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ. ಯಾರೋ ಹಳೆಯ ಫೋಟೋ ಒಂದರಿಂದ ಅವರ ಮುಖವನ್ನಷ್ಟೇ ಕತ್ತರಿಸಿ ಹಾಕಿದ್ದರು. ಪಕ್ಕದವರ ಅರ್ಧ ಭುಜ ಅದರಲ್ಲಿ ಉಳಿದಿತ್ತು. ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. "ಭಾಳ ಸ್ಟೈಲಿಶ್ ಇದ್ರು ಮೇಡಂ" ಎಂದು ಒಬ್ಬರು ಬರೆದರು. ಅದರ ಕೆಳಗೆ ಇನ್ನೊಬ್ಬರು ನಗುವ ಮುಖವೊಂದನ್ನು ಹಾಕಿ, ಕೂಡಲೇ ಅಳಿಸಿದರು. ಅಳಿಸುವ ಮೊದಲೇ ನಾನು ನೋಡಿಬಿಟ್ಟಿದ್ದೆ. ಮಧ್ಯಾಹ್ನದ ಹೊತ್ತಿಗೆ ಅದೇ ಗುಂಪಿನಲ್ಲಿ ಯಾರದೋ ಹುಟ್ಟುಹಬ್ಬದ ಕೇಕು ಬಂದಿತ್ತು.

ಆ ನಗು ಯಾತಕ್ಕೆ ಎಂಬುದು ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಗೊತ್ತು. ಹೊರಗಿನವರಿಗೆ ಗೊತ್ತಿಲ್ಲ. ಅದನ್ನು ಹೇಳಬೇಕೆಂದರೆ ಅವರ ಬಟ್ಟೆಯ ವಿಷಯದಿಂದಲೇ ಶುರುಮಾಡಬೇಕು. ಸತ್ತವರ ಬಗ್ಗೆ ಬರೆಯಲು ಕೂತು ಬಟ್ಟೆಯ ಮಾತೇ ಎಂದು ಯಾರಾದರೂ ಮೂಗು ಮುರಿದರೆ ಮುರಿಯಲಿ.

ನಾನು ಸಂಡೂರಿನ ಒಂದು ಖಾಸಗಿ ಗಣಿ ಕಂಪನಿಯ ಲೆಕ್ಕಪತ್ರ ವಿಭಾಗಕ್ಕೆ ಸೇರಿದಾಗ ಅವರು ಅಲ್ಲಿ ಖರೀದಿ ವಿಭಾಗದ ಮುಖ್ಯಸ್ಥೆ. ಟಾರ್ಪಾಲಿನಿಂದ ಹಿಡಿದು ಕನ್ವೇಯರ್ ಬೆಲ್ಟಿನವರೆಗೆ ಕಂಪನಿ ಏನೇ ಕೊಂಡರೂ ಅವರ ಸಹಿ ಬೇಕು. ಅಷ್ಟು ದೊಡ್ಡ ಕುರ್ಚಿಯಲ್ಲಿ ಹೆಂಗಸು ಇನ್ನೊಬ್ಬರಿರಲಿಲ್ಲ. ನಾವಿಬ್ಬರೂ ಹೊಸಪೇಟೆಯವರಾದ್ದರಿಂದ ಕಂಪನಿ ಬಸ್ಸಿನಲ್ಲಿ ದಿನಾ ಒಟ್ಟಿಗೆ ಹೋಗಿ ಬರುತ್ತಿದ್ದೆವು. ಮೊದಲ ದಿನ ನಾನು ಮದುವೆಯಲ್ಲಿ ಉಡುಗೊರೆ ಬಂದಿದ್ದ ಜರಿ ಅಂಚಿನ ಚೂಡಿದಾರ ಹಾಕಿಕೊಂಡು, ಮಲ್ಲಿಗೆ ಮುಡಿದುಕೊಂಡು ಬಸ್ ಹತ್ತಿದ್ದೆ. ಅವರು ಕಿಟಕಿ ಪಕ್ಕ ಕೂತಿದ್ದರು. ನೀಳವಾದ ತೆಳ್ಳನೆಯ ಹೆಂಗಸು, ಕತ್ತಿನಲ್ಲಿ ಏನೂ ಇಲ್ಲ, ಕಿವಿಯಲ್ಲಿ ಸಣ್ಣ ಮುತ್ತು. ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ ಕೇಳಿದರು:

"ಯಾವ ಸೆಕ್ಷನ್ನವಾ?"

"ಅಕೌಂಟ್ಸ್ ರೀ ಮೇಡಂ."

"ಹೌದಾ. ಮದುವಿ ಊಟಕ್ಕ ಹೊಂಟಿ ಅಂತ ಮಾಡಿದ್ದೆ."

ನನಗೆ ಅಳು ಬಂತು. ಅವರು ಅದನ್ನೂ ನೋಡಿದರು. ಬಸ್ಸು ಘಾಟಿ ಹತ್ತುವಾಗ, ಎದುರಿಗೆ ಅದಿರಿನ ಲಾರಿಗಳು ಕೆಂಪು ಧೂಳೆಬ್ಬಿಸಿಕೊಂಡು ಬರುತ್ತಿದ್ದಾಗ, ಕಿಟಕಿ ಎಳೆದು ಮುಚ್ಚಿ, "ಅಳಬ್ಯಾಡ. ನಾನೂ ಹಿಂಗ ಬಂದಿದ್ದೆ. ಆಷಾಢ ಬರ್ಲಿ, ಪ್ಯಾಟಿಗೆ ಕರ್ಕೊಂಡು ಹೋಗ್ತೀನಿ" ಎಂದರು.

ಅವರ ಕೋಟು ಯಾವಾಗಲೂ ಒಂದು ಹಳೆಯ ದಿಂಬಿನ ಗವಸಿನಲ್ಲಿ ಮಡಿಚಿ ತೊಡೆಯ ಮೇಲಿರುತ್ತಿತ್ತು. ಆಫೀಸಿನ ಗೇಟು ಕಂಡಾಗ ತೆಗೆದು ಹಾಕಿಕೊಳ್ಳುತ್ತಿದ್ದರು. ಸಂಡೂರಿನ ಕೆಂಪು ಧೂಳು ಯಾರನ್ನೂ ಬಿಡುವುದಿಲ್ಲ. ನಮ್ಮೆಲ್ಲರ ಕೊರಳಪಟ್ಟಿ ಸಂಜೆಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತಿತ್ತು. ಅವರು ಮಾತ್ರ ಹಾಲುಬಣ್ಣದ ಕೋಟಿನಲ್ಲಿ ಮೆಟ್ಟಿಲು ಇಳಿದು ಬರುತ್ತಿದ್ದರು, ಈಗಷ್ಟೇ ಬಂದವರ ಹಾಗೆ. ಅದೇನು ಮಂತ್ರವಲ್ಲ. ಮಧ್ಯಾಹ್ನ ಊಟಕ್ಕೆ ಮೊದಲು ಕೋಟು ಕಳಚಿ ಕಿಟಕಿಯಾಚೆ ಒದರಿ, ಒದ್ದೆ ಬಟ್ಟೆಯಿಂದ ಕಾಲರು ಒರೆಸಿಕೊಳ್ಳುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಆಷಾಢ ಬಂತು. ಹೊಸಪೇಟೆಯ ದೊಡ್ಡ ಬಟ್ಟೆ ಅಂಗಡಿಗಳ ಮುಂದೆ ರಿಯಾಯಿತಿಯ ಬ್ಯಾನರುಗಳು ತೂಗಿದವು. ನಾನು ಮೊದಲ ದಿನವೇ ಹೋಗೋಣವೆಂದೆ. "ಮೊದಲ ದಿವ್ಸ ಹೋಗೋರು ಗದ್ದಲ ನೋಡಾಕ ಹೋಗ್ತಾರ" ಎಂದು ತಡೆದರು. ಜನ ಸೀರೆಗಳ ಮೇಲೆ ಮುಗಿಬಿದ್ದು ಹೋದ ಮೇಲೆ, ಒಂದು ಮಂಗಳವಾರ ಮಧ್ಯಾಹ್ನ, ಇಬ್ಬರೂ ಅರ್ಧ ದಿನದ ರಜೆ ಹಾಕಿ ಹೋದೆವು. ಅವರು ನೇರ ಮೇಲಿನ ಅಂತಸ್ತಿಗೆ ಹತ್ತಿದರು. ಅಲ್ಲಿ ದೊಡ್ಡ ಊರುಗಳ ಡಿಸೈನರುಗಳ ಹೆಸರಿದ್ದ ಕೋಟು, ಪ್ಯಾಂಟು, ಉದ್ದ ಕುರ್ತಾಗಳನ್ನು ಒಂದು ಮೂಲೆಯಲ್ಲಿ ತೂಗುಹಾಕಿದ್ದರು. ಇಡೀ ವರ್ಷ ಅವುಗಳನ್ನು ನಮ್ಮ ಊರಿನಲ್ಲಿ ಕೇಳುವವರಿಲ್ಲ. ಆಫೀಸಿಗೆ ಅಂಥ ಬಟ್ಟೆ ಹಾಕುವ ಹೆಂಗಸರು ಎಷ್ಟು ಜನ ಇದ್ದಾರು?

ಅಂಗಡಿಯ ಹಿರಿಯ ಸೇಲ್ಸ್‌ಮನ್ ಅವರನ್ನು ಕಂಡು ಎದ್ದ.

"ಬರ್ರಿ ಮೇಡಂ, ಬರ್ರಿ. ಫ್ರೆಶ್ ಸ್ಟಾಕ್ ಐತ್ರಿ."

"ಫ್ರೆಶ್ ಅಂದ್ರ? ಹ್ವಾದ ದೀಪಾವಳಿದಾ, ಅದರಾಚಿದಾ?"

ಅವನು ಕಿವಿ ಹಿಡಿದುಕೊಂಡು ನಕ್ಕ. ಅವರು ಒಂದೊಂದನ್ನೇ ತಿರುವಿ ನೋಡುತ್ತ ಹೋದರು. ಬೂದು ಬಣ್ಣದ ಲಿನನ್ ಕೋಟು ಒಂದು ಕೈಗೆ ಬಂತು. ಒಂದು ಗುಂಡಿ ಇರಲಿಲ್ಲ.

"ಗುಂಡಿ ಇಲ್ಲಲ್ಲೋ ಇದಕ್ಕ."

"ಹಚ್ಚಿಸಿ ಕೊಡ್ತೀನ್ರಿ ಮೇಡಂ."

"ನೀ ಹಚ್ಚಿಸ್ಬ್ಯಾಡ, ನಾ ಹಚ್ಕೋತೀನಿ. ನೀ ರೇಟ್ ಇಳಸು."

ಇಳಿಸಿದ. ಆ ಕೋಟು ಅವರಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಎತ್ತರದವರ ಅಳತೆ ಯಾವಾಗಲೂ ಉಳಿಯುತ್ತದೆ ಎಂದು ಅವರು ಆಮೇಲೆ ಹೇಳಿದರು. "ನನ್ನ ಅಳತಿ ಈ ಊರಾಗ ಯಾರಿಗೂ ಆಗೂದಿಲ್ಲ. ಅದಕ್ಕ ನನಗ ಉಳೀತೈತಿ." ನನಗೆ ಒಂದು ಕಡುನೀಲಿ ಪ್ಯಾಂಟು, ಎರಡು ಬಿಳಿ ಕುರ್ತಾ ಆರಿಸಿಕೊಟ್ಟರು. ನಾನು ಹೂವಿನ ಚಿತ್ರದ ಇನ್ನೊಂದರ ಮೇಲೆ ಆಸೆಪಟ್ಟು, ಅದು ಎಲ್ಲಕ್ಕಿಂತ ಅಗ್ಗವೆಂದು ತೋರಿಸಿದೆ. ಅದನ್ನು ನನ್ನ ಕೈಯಿಂದ ತೆಗೆದು ಮತ್ತೆ ತೂಗುಹಾಕಿದರು. "ಅಗ್ಗ ಐತಿ ಅಂತ ತಗೊಂಡ್ರ ಅದು ಮನ್ಯಾಗ ಕುಂತು ನಿನ್ನ ನೋಡಿ ನಗತೈತಿ."

ಮರಳಿ ಬರುವಾಗ ಕೋಟಿನ ಬೆಲೆಚೀಟಿಯನ್ನು ಕಿತ್ತು ಚೂರು ಮಾಡಿ ಚರಂಡಿಗೆ ಹಾಕಿದರು. ಸೇಲಿನಲ್ಲಿ ತಂದದ್ದು ಎಂದು ಯಾರ ಮುಂದೆಯೂ ಬಾಯಿ ಬಿಡಬಾರದೆಂದು ನನಗೆ ತಾಕೀತು ಮಾಡಿದರು. ಅದರಲ್ಲಿ ಮುಚ್ಚಿಡುವುದೇನಿದೆ, ಜಾಣತನದ ಕೆಲಸವೇ ಅಲ್ಲವೇ ಎಂದೆ.

"ಹೇಳಿದ ದಿವ್ಸ ಕೋಟಿನ ಬೆಲಿ ಇಳೀತೈತಿ. ಅದರ ಸಂಗಾಟ ನಂದೂ ಇಳೀತೈತಿ. ನಿನಗಿನ್ನಾ ಗೊತ್ತಿಲ್ಲ."

ಗೊತ್ತಾಗುವಂತೆ ಅವರೇ ಒಂದು ದಿನ ಬಸ್ಸಿನಲ್ಲಿ ಹೇಳಿದರು. ಅವರು ಖರೀದಿ ವಿಭಾಗಕ್ಕೆ ಬಂದ ಹೊಸತರಲ್ಲಿ ಸಾದಾ ವಾಯಿಲ್ ಸೀರೆ ಉಟ್ಟು ಕೂತಿರುತ್ತಿದ್ದರಂತೆ. ಸರಕು ಪೂರೈಸುವ ವ್ಯಾಪಾರಿಗಳು ಬಾಗಿಲು ತಳ್ಳಿಕೊಂಡು ಬಂದು, "ಸಾಹೇಬ್ರು ಎಲ್ಲಿಗ್ಹೋಗ್ಯಾರವಾ?" ಎಂದು ಅವರನ್ನೇ ಕೇಳುತ್ತಿದ್ದರಂತೆ. ಒಬ್ಬನಂತೂ ಎರಡು ಚಹಾ ಹೇಳಿಬಿಟ್ಟಿದ್ದ. "ತಂದು ಕೊಟ್ಟೆ" ಎಂದರು. ನಾನು ಬಾಯಿ ತೆರೆದು ನೋಡಿದೆ. "ಹೂಂ. ತಂದು ಅವನ ಮುಂದ ಇಟ್ಟು, ಕುರ್ಚಿ ಮ್ಯಾಲೆ ಕುಂತು, ಅವನ ಕೊಟೇಶನ್ನಿಗೆ ಗೀಟು ಹಾಕ್ದೆ. ಆದ್ರ ದಿನಾ ಚಾ ತರಾಕ ಆಗೂದಿಲ್ಲಲ್ಲ. ಮುಂದಿನ ಆಷಾಢದಾಗ ಕೋಟು ತಂದೆ. ಅವತ್ತಿಂದ ನಿಂತು ಮಾತಾಡಿದ್ರು. ನನ್ನ ಬುದ್ಧಿ ಮೊದಲಿಂದನೂ ಅಲ್ಲೇ ಇತ್ತು, ಅದನ್ನ ಯಾರೂ ನೋಡ್ಲಿಲ್ಲ."

ಇದನ್ನು ಹೇಳುವಾಗ ಅವರ ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ. ಕಹಿ ಗುಳಿಗೆ ನುಂಗಿದವರ ಹಾಗೆ ತುಟಿ ಬಿಗಿದಿತ್ತು.

ಅವರ ಮನೆಗೆ ನಾನು ಹೋದದ್ದು ಅವರ ತಾಯಿಗೆ ಜ್ವರ ಬಂದಾಗ. ಮದುವೆಯಾಗಿರಲಿಲ್ಲ, ತಾಯಿ, ಮಗಳು ಇಬ್ಬರೇ, ಹೊಸಪೇಟೆಯ ಒಂದು ಓಣಿಯಲ್ಲಿ ಬಾಡಿಗೆಯ ಎರಡು ಕೋಣೆ. ತಾಯಿ ಎಮ್ಮಿಗನೂರಿನವರು, ಕಂಪ್ಲಿಗೆ ಕೊಟ್ಟ ಹೆಣ್ಣು. ಗಂಡ ಸತ್ತ ಮೇಲೆ ಭತ್ತದ ಗದ್ದೆಗಳಲ್ಲಿ ನಾಟಿ ಮಾಡಿ ಮಗಳನ್ನು ಓದಿಸಿದವರು. ಮನೆಯಲ್ಲಿ ಕೂರಲು ಒಂದೇ ಪ್ಲಾಸ್ಟಿಕ್ ಕುರ್ಚಿ. ಒಲೆಯ ಪಕ್ಕ ಸುಣ್ಣ ಉದುರಿತ್ತು. ಗೋಡೆಗೆ ಒರಗಿಸಿದ ಒಂದು ಕಬ್ಬಿಣದ ಬೀರು ಮಾತ್ರ ಹೊಸದು, ಅದರ ಬಾಗಿಲಿಗೆ ಕರ್ಪೂರದ ಗುಳಿಗೆಯ ವಾಸನೆ. ಅವರು ಹಳೆಯ ನೈಟಿಯ ಮೇಲೆ ಟವೆಲ್ ಹಾಕಿಕೊಂಡು ತಾಯಿಗೆ ಗಂಜಿ ಕುಡಿಸುತ್ತಿದ್ದರು. ನನ್ನನ್ನು ನೋಡಿ ಮುಖ ಸಪ್ಪಗಾಯಿತು. "ಹೇಳಿ ಬರಬಾರ್ದನ?" ಎಂದರು. ತಾಯಿ ಮಲಗಿದಲ್ಲಿಂದಲೇ, "ಕುಂದ್ರವಾ, ಕುಂದ್ರು. ಇಕಿ ದುಡಿದಿದ್ದೆಲ್ಲ ಆ ಬೀರುವಿಗೆ ಉಣಸ್ತಾಳ" ಎಂದು ನಕ್ಕರು. ಮಗಳು ನಗಲಿಲ್ಲ.

ಕೋಟಿನಿಂದ ಅವರಿಗೆ ದಕ್ಕಿದ ಮರ್ಯಾದೆಗೂ ಒಂದು ಗೆರೆ ಇತ್ತು. ಬೇರೆ ರಾಜ್ಯಗಳಿಂದ ದೊಡ್ಡ ಗಿರಾಕಿಗಳು ಬಂದರೆ ಅವರನ್ನು ಹಂಪಿಗೆ ಕರೆದೊಯ್ಯುವ ಕೆಲಸ ಇವರದು. ಖರೀದಿ ವಿಭಾಗಕ್ಕೂ ಹಂಪಿಗೂ ಏನು ಸಂಬಂಧ? "ಮೇಡಂ ಪ್ರೆಸೆಂಟಬಲ್ ಅದಾರ" ಎಂದು ಡೈರೆಕ್ಟರ್ ಹೇಳುತ್ತಿದ್ದರು. ಒಂದು ಸಲ ನಾನೂ ಜೊತೆಗಿದ್ದೆ. ಬಿಸಿಲಿನಲ್ಲಿ ಕಲ್ಲುಗಳ ನಡುವೆ ಸುತ್ತಿ, ಕಮಲಾಪುರದ ಹೋಟೆಲಿನಲ್ಲಿ ಊಟಕ್ಕೆ ಕೂತಾಗ, ಬಂದವರಲ್ಲಿ ಒಬ್ಬರು ಸಾಗಣೆಯ ಖರ್ಚಿನ ಬಗ್ಗೆ ಇವರನ್ನೇ ಪ್ರಶ್ನೆ ಕೇಳಿದರು. ಇವರು ಬಾಯಿ ತೆರೆಯುವಷ್ಟರಲ್ಲಿ ಡೈರೆಕ್ಟರ್, "ಅದನ್ನ ನಾವು ಆಫೀಸ್‌ನಾಗ ಮಾತಾಡೋಣ್ರಿ. ಮೇಡಂ, ಪಾಯಸ ಹೇಳ್ರಿ" ಎಂದರು. ಇವರು ಪಾಯಸ ಹೇಳಿದರು. ಮಧ್ಯಾಹ್ನದ ಮೀಟಿಂಗಿಗೆ ಇವರನ್ನು ಕರೆಯಲಿಲ್ಲ. "ಕೋಟಿನ ಮರ್ಯಾದಿ ಊಟದ ತನಕ" ಎಂದು ಸಂಜೆ ಬಸ್ಸಿನಲ್ಲಿ ಕೋಟು ಮಡಿಚಿ ಗವಸಿಗೆ ಹಾಕುತ್ತ ಅಂದರು.

ಆಮೇಲೆ ಬೂಟಿನ ಗಲಾಟೆಯಾಯಿತು.

ಗಣಿಯ ಕೆಲಸಗಾರರಿಗೆ ಕಂಪನಿ ಪ್ರತಿ ವರ್ಷ ಸೇಫ್ಟಿ ಶೂ ಕೊಡಬೇಕು. ಆ ಸಲ ಅದನ್ನು ಪೂರೈಸಲು ಬಂದವರು ಮಾಲೀಕರ ಮನೆತನಕ್ಕೆ ಬಹಳ ಬೇಕಾದ ಒಬ್ಬ ವ್ಯಾಪಾರಿ. ಬಿಳಿ ಅಂಗಿ, ಬಿಳಿ ಪಂಚೆ, ಹಣೆಗೆ ವಿಭೂತಿ, ಬಾಯಿ ತುಂಬ ಅವ್ವಾ, ತಾಯಿ ಎಂಬ ಮಾತು. ಸರಕು ಬಂದ ದಿನ ಇವರು ಗೋದಾಮಿಗೆ ಹೋಗಿ ಮೂಟೆ ಬಿಚ್ಚಿಸಿ, ಒಂದು ಬೂಟು ಎತ್ತಿಕೊಂಡು ಒಳಗೆ ಕೈ ಹಾಕಿ ಅಟ್ಟೆ ಹಿಡಿದು ಎಳೆದರು. ಅದು ಅಂಟಿನ ಸಮೇತ ಕೈಗೆ ಬಂತು. ಮುಂಭಾಗದಲ್ಲಿ ಬೆರಳು ಕಾಯುವ ಕಬ್ಬಿಣದ ಕವಚ ಇರಬೇಕಾದ ಕಡೆ ಗಟ್ಟಿ ಪ್ಲಾಸ್ಟಿಕ್ ಇತ್ತು. ಮೂಟೆಗಳನ್ನು ಇಳಿಸಿದ ಲಾರಿಯಲ್ಲೇ ವಾಪಸು ಹಾಕಿಸಿದರು.

ಮರುದಿನ ಆ ವ್ಯಾಪಾರಿ ಡೈರೆಕ್ಟರ ಕೋಣೆಗೆ ಬಂದರು. ಬಿಲ್ಲಿನ ವಿಷಯಕ್ಕೆ ನನ್ನನ್ನೂ ಒಳಗೆ ಕರೆದಿದ್ದರು. ಇವರು ಕಿತ್ತ ಬೂಟನ್ನು ಮೇಜಿನ ಮೇಲಿಟ್ಟು ನಿಂತಿದ್ದರು. ವ್ಯಾಪಾರಿ ಬೂಟಿನ ಕಡೆ ನೋಡಲೇ ಇಲ್ಲ. ಇವರ ತೋಳಿನ ಕಡೆ ನೋಡುತ್ತ, ಬಹಳ ಮೆತ್ತಗೆ ಹೇಳಿದರು:

"ಸರ್, ನಾ ಏನೂ ಹೇಳೂದಿಲ್ರಿ. ಮೇಡಂ ಅವ್ರ ಬಟ್ಟಿ ನೋಡ್ರಿ ಸಾಕು. ನಿಮ್ಮ ಮನಿ ಹೆಣ್ಮಕ್ಳೂ ಇಂಥಾವು ಹಾಕೂದಿಲ್ಲ. ಈ ಪಗಾರದಾಗ ಹೆಂಗ್ ಬರ್ತಾವ್ರಿ? ನಾವ್ ಕೊಡ್ಲಿಲ್ಲ, ಅದಕ್ಕ ನಮ್ಮ ಮಾಲ್ ವಾಪಸ್ ಬಂತು."

ಡೈರೆಕ್ಟರ್ ಆಗ ಮಾಡಿದ್ದನ್ನು ನಾನು ಮರೆಯಲಾರೆ. ಅವರೂ ಬೂಟು ನೋಡಲಿಲ್ಲ. ಇವರ ಕೋಟಿನ ಕಾಲರಿನಿಂದ ಗುಂಡಿಯವರೆಗೆ ನಿಧಾನವಾಗಿ ಕಣ್ಣು ಓಡಿಸಿದರು. ಅಷ್ಟು ವರ್ಷ ಅದೇ ಬಟ್ಟೆಯನ್ನು ಹಂಪಿಗೆ ಕಳಿಸಿದವರು ಅದನ್ನು ಮೊದಲ ಸಲ ಕಂಡ ಹಾಗಿತ್ತು.

ಒಂದು ವಾರದೊಳಗೆ ವಿಚಾರಣೆ ಅಂತಾಯಿತು. ಆಡಳಿತಾಧಿಕಾರಿ, ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು, ಕೆಟ್ಟವರೇನಲ್ಲ, ಇವರನ್ನು ಕರೆದು ಸಮಾಧಾನ ಹೇಳಿದರು. ಬಾಗಿಲು ತೆರೆದೇ ಇತ್ತು. ಹೊರಗೆ ಕೂತ ನಮಗೆಲ್ಲ ಕೇಳುತ್ತಿತ್ತು.

"ಬಟ್ಟಿ ಬಿಲ್ ಇದ್ರ ತಂದು ತೋರ್ಸಿಬಿಡ್ರಿ ಮೇಡಂ. ಇಲ್ಲಿಗೇ ಮುಗದ್ಹೋಗ್ತದ."

"ನನ್ನ ಟೆಂಡರ್ ಫೈಲ್ ಕೇಳ್ರಿ ಸರ್, ಈಗ ತರ್ತೀನಿ. ಆ ಬೂಟು ತರ್ಸ್ರಿ, ಎಲ್ಲಾರ ಮುಂದ ಕಿತ್ತು ತೋರಸ್ತೀನಿ. ನನ್ನ ಮೈಮ್ಯಾಲಿನ ಬಟ್ಟಿ ಬಿಲ್ ಕೇಳಬ್ಯಾಡ್ರಿ."

"ಹಂಗಲ್ಲವಾ, ಅನುಮಾನ ಬಂದೈತಿ..."

"ಸರ್, ನಿಮ್ಮ ಕೈಯಾಗಿನ ವಾಚ್ ಬಿಲ್ ಯಾರರ ಕೇಳ್ಯಾರೇನ್ರಿ?"

ಹೊರಗೆ ಬಂದಾಗ ಅವರ ಮುಖ ಕಲ್ಲಾಗಿತ್ತು. ಬಸ್ಸಿನಲ್ಲಿ ನಾನು, ನಾನೇ ಹೋಗಿ ಇರುವುದನ್ನು ಹೇಳುತ್ತೇನೆ, ನಿಮ್ಮ ಜೊತೆ ಸೇಲಿಗೆ ಬಂದವಳಲ್ಲವೇ ಎಂದೆ. ಕೈ ಹಿಡಿದು ಅದುಮಿದರು, ನೋಯುವ ಹಾಗೆ. "ನೀ ಹೇಳಿದ್ರ ಅವ್ರು ನಂಬ್ತಾರ. ನಂಬಿ ನಗ್ತಾರ. ಕಳ್ಳಿ ಅಂದ್ರೂ ಎದ್ದು ನಿಂತು ಜಗಳಾಡ್ತೀನಿ. ನಕ್ರ ಏನ್ ಮಾಡ್ಲಿ?" ನಾನು ಹೇಳಲಿಲ್ಲ. ನಾನು ಹೇಳಬೇಕಾಗಿಯೂ ಬರಲಿಲ್ಲ.

ಆಡಳಿತಾಧಿಕಾರಿಯ ಹೆಂಡತಿ ಹೊಸಪೇಟೆಯ ಅದೇ ಅಂಗಡಿಗೆ ಮಗಳ ಮದುವೆಯ ಸೀರೆಗೆ ಹೋದರು. ಹಾಗೇ ಮಾತು ತೆಗೆದು ವಿಚಾರಿಸಿದರು. ಸೇಲ್ಸ್‌ಮನ್ ಬಹಳ ಅಭಿಮಾನದಿಂದಲೇ ಹೇಳಿದನಂತೆ: "ಆ ಎತ್ತರದ ಮೇಡಂ ಅಲ್ರಿ? ಭಾಳ ಚಾಲಾಕ್ರಿ. ಆಷಾಢ ಬಿಟ್ರ ನಮ್ಮ ಮೆಟ್ಲಾ ಹತ್ತೂದಿಲ್ಲ. ಗುಂಡಿ ಇಲ್ಲದ್ದು, ಹೊಲಿಗಿ ಬಿಟ್ಟಿದ್ದು ಹುಡುಕಿ ತಗೋತಾರ."

ಸೋಮವಾರ ಬೆಳಿಗ್ಗೆ ಇಡೀ ಆಫೀಸಿಗೆ ಗೊತ್ತಾಗಿತ್ತು. ಆರೋಪ ಬಿದ್ದುಹೋಯಿತು. ಯಾರೂ ಕ್ಷಮೆ ಕೇಳಲಿಲ್ಲ. ಬದಲಿಗೆ ಒಂದು ಹೆಸರು ಹುಟ್ಟಿತು: ಡಿಸ್ಕೌಂಟ್ ಮೇಡಂ. ಜವಾನರಿಂದ ಹಿಡಿದು ಎಂಜಿನಿಯರುಗಳವರೆಗೆ ಎಲ್ಲರ ಬಾಯಲ್ಲೂ ಅದೇ. ಕಂಪ್ಯೂಟರ್ ವಿಭಾಗದ ಹುಡುಗಿಯರು ಅವರ ಕೋಟಿನಲ್ಲಿ ಕಳೆದುಹೋದ ಗುಂಡಿ ಯಾವುದು, ಬೇರೆ ಹಚ್ಚಿದ್ದು ಯಾವುದು ಎಂದು ಪಂದ್ಯ ಕಟ್ಟಿದರು. ಆ ಹುಡುಗಿಯರಿಗೂ ಅಂಥ ಬಟ್ಟೆಯ ಆಸೆ ಇತ್ತು. ಎಲ್ಲಿ ಸಿಗುತ್ತದೆಂದು ಇವರನ್ನು ಕೇಳಲು ಮಾತ್ರ ಧೈರ್ಯವಿರಲಿಲ್ಲ. ಅದೇ ಸಿಟ್ಟೋ ಏನೋ. ವ್ಯಾಪಾರಿಗಳು ಈಗ ಇವರ ಮುಂದೆ ಕಾಲ ಮೇಲೆ ಕಾಲು ಹಾಕಿ ಕೂತು, "ಸ್ವಲ್ಪ ನಮಗೂ ಡಿಸ್ಕೌಂಟ್ ನೋಡ್ರಿ ಮೇಡಂ" ಎನ್ನತೊಡಗಿದರು. ಒಬ್ಬ ಯಾವುದೋ ಅಂಗಡಿಯ ರಿಯಾಯಿತಿ ಚೀಟಿಯನ್ನು ತಂದು ಅವರ ಮೇಜಿನ ಗಾಜಿನ ಕೆಳಗೆ ಸಿಕ್ಕಿಸಿ ಹೋಗಿದ್ದ. ನಾನು ತೆಗೆಯಲು ಹೋದೆ. "ಇರ್ಲಿ ಬಿಡು" ಎಂದರು.

ಬೂಟುಗಳು ಅದೇ ಲಾರಿಯಲ್ಲಿ ಮರಳಿ ಬಂದವು. ಈ ಸಲ ಸರಕು ಸರಿಯಿದೆ ಎಂದು ಸಹಿ ಹಾಕುವಂತೆ ಡೈರೆಕ್ಟರ್ ಇವರಿಗೇ ಹೇಳಿಕಳಿಸಿದರು. ಇವರು ಹಾಕಲಿಲ್ಲ. ಮರುದಿನ ಇವರನ್ನು ಗುಡ್ಡದ ಮೇಲಿನ ಗೋದಾಮಿನ ಉಸ್ತುವಾರಿಗೆ ಹಾಕಿದರು. ಅಲ್ಲಿ ತಗಡಿನ ಶೆಡ್ಡು. ಕೂತಲ್ಲೇ ಮೇಜಿನ ಮೇಲೆ ಅದಿರಿನ ಪುಡಿ ಬೀಳುತ್ತಿತ್ತು. ಅಲ್ಲಿಗೂ ಅವರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡೇ ಹೋದರು. ಸಂಜೆ ಬಸ್ಸಿಗೆ ಬಂದಾಗ ಹುಬ್ಬಿನ ಮೇಲೂ ಕೆಂಪು ಕೂತಿರುತ್ತಿತ್ತು. ಹಿಂದಿನ ಸೀಟಿನವರು ಮೊಣಕೈಯಿಂದ ಒಬ್ಬರನ್ನೊಬ್ಬರು ತಿವಿದುಕೊಳ್ಳುತ್ತಿದ್ದರು. ಮಳೆಗಾಲ ಮುಗಿಯುವಷ್ಟರಲ್ಲಿ ಅವರು ರಾಜೀನಾಮೆ ಕೊಟ್ಟರು. ಬೀಳ್ಕೊಡುಗೆಗೆ ಯಾರೂ ಮುಂದಾಗಲಿಲ್ಲ, ಅವರೂ ಬೇಡವೆಂದರು. ಅಷ್ಟರಲ್ಲಿ ಮೊದಲ ಮಳೆಗೇ ಬೂಟುಗಳ ಅಟ್ಟೆ ಕಳಚಿ, ಕೆಲಸಗಾರರು ಸುತಳಿಯಿಂದ ಕಟ್ಟಿಕೊಂಡು ಗುಡ್ಡ ಹತ್ತುತ್ತಿದ್ದರು. ಒಬ್ಬನ ಕಾಲಿನ ಮೇಲೆ ಕಲ್ಲು ಉರುಳಿ ಎರಡು ಬೆರಳು ಹೋದವು. ಕಂಪನಿ ಹೊಸ ಬೂಟು ತರಿಸಿತು, ಅದೇ ವ್ಯಾಪಾರಿಯಿಂದ.

ತಾಯಿಯನ್ನು ಕರೆದುಕೊಂಡು ಅವರು ಕಂಪ್ಲಿಗೆ ಹೊರಟುಹೋದರು. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಕೆಲವು ವರ್ಷಗಳಾದ ಮೇಲೆ ಖರೀದಿ ವಿಭಾಗದಲ್ಲಿ ಅವರು ಕೂರುತ್ತಿದ್ದ ಜಾಗಕ್ಕೆ ನನ್ನನ್ನು ಹಾಕಿದರು. ಅದನ್ನು ಅವರಿಗೆ ಎದುರಿಗೇ ಹೇಳಬೇಕೆನಿಸಿ, ಹೋದ ಚಳಿಗಾಲದಲ್ಲಿ ಕಂಪ್ಲಿಯ ಬಸ್ಸು ಹತ್ತಿದೆ.

ಅವರು ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕಿದ್ದರು. ಭತ್ತದ ಸುಗ್ಗಿ, ಗಿರಣಿಯ ಅಂಗಳದ ತುಂಬ ಟ್ರ್ಯಾಕ್ಟರುಗಳು, ಗಾಳಿಯ ತುಂಬ ತೌಡು. ತಲೆಗೆ ಟವೆಲ್ ಸುತ್ತಿಕೊಂಡು, ಮಾಸಿದ ನೈಲಾನ್ ಸೀರೆಯ ಸೆರಗು ಸಿಕ್ಕಿಸಿಕೊಂಡು, ಇನ್ನೂ ತೆಳ್ಳಗಾದ ಒಬ್ಬ ಹೆಂಗಸು ಮೂಟೆಗಳ ಪಕ್ಕ ನಿಂತು ಹಮಾಲಿಗೆ ಏನೋ ಹೇಳುತ್ತಿದ್ದರು. ಎತ್ತರದಿಂದ ಗುರುತು ಹಿಡಿದೆ.

"ಅಕ್ಕಾ" ಎಂದೆ. ಆಫೀಸಿನಲ್ಲಿ ಎಂದೂ ಹಾಗೆ ಕರೆದಿರಲಿಲ್ಲ.

ನೋಡಿದರು. ನಗಲಿಲ್ಲ, ಮುಖ ತಿರುಗಿಸಲೂ ಇಲ್ಲ. ನಾನು ಹಾಕಿಕೊಂಡು ಹೋಗಿದ್ದ ಕೋಟಿನ ಅಂಚನ್ನು ಹಿಡಿದು ಮಡಚಿ, ಒಳಹೊಲಿಗೆ ನೋಡಿ ಬಿಟ್ಟರು. ಗಿರಣಿಯ ಹೊರಗಿನ ಚಹಾದಂಗಡಿಗೆ ಕರೆದುಕೊಂಡು ಹೋದರು. ಅಲ್ಲಿ ಬೆಂಚಿನ ಮೇಲೆ ಕೂತು ಹೊಸ ಹುದ್ದೆಯ ವಿಷಯ ಹೇಳಿದೆ. ಲೋಟದ ಕೆನೆಯನ್ನು ಊದಿ ಸರಿಸಿದರು.

"ಚೊಲೊ ಆತು."

"ನಿಮ್ಮ ಬಟ್ಟಿ ಎಲ್ಲಾ ಅದಾವನ್ರಿ ಅಕ್ಕಾ? ಆ ಬೂದಿ ಬಣ್ಣದ್ದು?"

"ಇಲಿ ಕಡದ್ವು. ಭತ್ತದ ಊರು ಇದು, ಇಲಿ ಭಾಳ." ಯಾರದೋ ಮನೆಯ ಸುದ್ದಿ ಹೇಳಿದ ಹಾಗೆ ಹೇಳಿದರು. "ಅವ್ವ ಅತ್ಲು. ನನಗೇನೂ ಅನಸ್ಲಿಲ್ಲ."

ಸುಳ್ಳೆಂದು ನನಗೆ ಗೊತ್ತಾಯಿತು, ನನಗೆ ಗೊತ್ತಾದದ್ದು ಅವರಿಗೂ. ಲೋಟ ಕೆಳಗಿಟ್ಟು ನನ್ನ ಕಡೆ ಪೂರ್ತಿ ತಿರುಗಿ ಕೂತರು.

"ಒಂದು ಮಾತು ಹೇಳ್ತೀನಿ, ಕೇಳ್ತಿಯೇನು? ಆ ಕುರ್ಚ್ಯಾಗ ಕುಂದ್ರುವಾಗ ಚೊಲೊ ಬಟ್ಟಿ ಹಾಕಬ್ಯಾಡ. ಮಾಸಿದ್ದು ಹಾಕ್ಕೊ. ಬಣ್ಣ ಹೋಗಿದ್ದು ಹಾಕ್ಕೊ. ಯಾರೂ ನಿನ್ನ ಮೈಮ್ಯಾಲೆ ಕಣ್ಣಿಟ್ಟು ಲೆಕ್ಕ ಹಾಕಬಾರ್ದು."

ನನಗೆ ಸಿಟ್ಟು ಬಂತು. ಆ ವ್ಯಾಪಾರಿಯ ಮೇಲೆ, ಡೈರೆಕ್ಟರ ಮೇಲೆ ಬರಬೇಕಾದ ಸಿಟ್ಟು ಅವರ ಮೇಲೆ ಬಂತು.

"ನೀವಾ ಹಿಂಗಂದ್ರ ಹೆಂಗ್ರಿ? ನಾ ಹಾಕ್ಕೋತೀನಿ. ಆಷಾಢಕ್ಕೂ ಹೋಗ್ತೀನಿ. ಕೇಳಿದ್ರ ಸೇಲಿನಾಗ ತಂದೆ ಅಂತ ಎದೀ ತಟ್ಟಿ ಹೇಳ್ತೀನಿ."

ಆ ಮಾತು ಅವರಿಗೆ ನಾಟಿತು. ನಾನು ನಾಟಲೆಂದೇ ಹೇಳಿದ್ದಲ್ಲ. ಅವರು ಅಂದು ಹೇಳಿದ್ದರೆ ಎಲ್ಲ ಬೇರೆಯಾಗುತ್ತಿತ್ತು ಎಂದ ಹಾಗೆ ಕೇಳಿಸಿರಬೇಕು. ಎದ್ದು ನಿಂತರು. ನನ್ನನ್ನು ಬಸ್ಸಿನವರೆಗೆ ಕಳಿಸಲು ಬಂದರು. ಬಸ್ಸು ಬಂದು ನಾನು ಕಿಟಕಿಯ ಪಕ್ಕ ಕೂತ ಮೇಲೆ ಕೆಳಗಿನಿಂದ ಕಿಟಕಿಯ ಸರಳು ಹಿಡಿದುಕೊಂಡರು.

"ಹಾಕ್ಕೊ. ಹೇಳಾಕ ನಿನಗ ಆಗತೈತಿ ಅಂದ್ರ ಹೇಳು. ನನಗ ಆಗಲಿಲ್ಲ. ಆದ್ರ ಇಂಥಾಕಿ ಕಲಸಿದ್ಲು ಅಂತ ಯಾರ ಮುಂದೂ ನನ್ನ ಹೆಸರು ತೆಗೀಬ್ಯಾಡ. ಅಷ್ಟು ಮಾಡು."

ಬಸ್ಸು ಹೊರಟಿತು. ಅವರು ಆಗಲೇ ಬೆನ್ನು ತಿರುಗಿಸಿ ಗಿರಣಿಯ ಕಡೆ ನಡೆಯುತ್ತಿದ್ದರು, ಉದ್ದುದ್ದ ಹೆಜ್ಜೆ ಹಾಕಿ, ತೌಡಿನ ಧೂಳಿನೊಳಗೆ. ಅದೇ ನಾನು ಅವರನ್ನು ಕೊನೆಯದಾಗಿ ನೋಡಿದ್ದು. ಅವರಿಗಾಗಿ ನಾನು ಮಾಡಲು ಉಳಿದದ್ದು ಹೆಸರು ತೆಗೆಯದಿರುವುದೊಂದೇ, ಅದನ್ನು ಇಲ್ಲಿಯೂ ಮಾಡಿದ್ದೇನೆ.